ತೇಲಿದ ಹನಿ

ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಪ್ರತಿ ವರ್ಷವೂ ಹಲಗೆಯ ಮೇಲೆ ಸೊಪ್ಪು, ಕಬ್ಬಿಣ, ರಕ್ತ ಎಂದು ಮೂರು ಪದ ಬರೆದು ನಡುವೆ ಬಾಣದ ಗುರುತು ಹಾಕುತ್ತ ಬಂದವಳು. ಹೋದ ಡಿಸೆಂಬರಿನ ಒಂದು ಶನಿವಾರ ನಮ್ಮ ಬಡಾವಣೆಯಲ್ಲಿ ರಕ್ತದಾನ ಶಿಬಿರ ನಡೆದಾಗ ಸ್ವಲ್ಪ ಜಂಬದಿಂದಲೇ ಸಾಲಿನಲ್ಲಿ ನಿಂತೆ. ಅಲ್ಲಿದ್ದ ನರ್ಸ್ ನನ್ನ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಟ್ಟರು. ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದರೆ ಹನಿ ತಳ ಸೇರುತ್ತದೆ, ಕಡಿಮೆಯಿದ್ದರೆ ತೇಲುತ್ತದೆ. ನನ್ನದು ಅರ್ಧ ಬೆರಳಿನಷ್ಟು ಇಳಿದು, ಅಲ್ಲೇ ಒಂದು ಕ್ಷಣ ನಿಂತು, ಮೆಲ್ಲಗೆ ಮೇಲೆ ಬಂತು. ನನ್ನ ಹಿಂದೆ ನಿಂತಿದ್ದವನು ನಾನೇ ಪಾಠ ಮಾಡಿದ ಹಳೆಯ ವಿದ್ಯಾರ್ಥಿ. ಯಂತ್ರದಲ್ಲಿ ಮತ್ತೊಮ್ಮೆ ನೋಡಿದಾಗ 10.6 ಎಂದು ಬಂತು.

"ನಮ್ಮ ಮನ್ಯಾಗ ವಾರಕ್ಕ ನಾಕು ದಿನ ತಪ್ಪಲ ಪಲ್ಯ ಮಾಡ್ತೀವ್ರಿ" ಎಂದು ನಾನು ಅಲ್ಲಿದ್ದ ವೈದ್ಯೆಯ ಜೊತೆ ವಾದಕ್ಕೇ ಇಳಿದೆ. ಅವರು ಮುಟ್ಟಿನ ಬಗ್ಗೆ, ಮೂಲವ್ಯಾಧಿಯ ಬಗ್ಗೆ ವಿಚಾರಿಸಿದ ಮೇಲೆ, "ಊಟ ಆದ ಮ್ಯಾಲ ಎಷ್ಟು ಹೊತ್ತಿಗಿ ಚಹಾ ಕುಡೀತೀರಿ?" ಎಂದು ಕೇಳಿದರು. ಶಾಲೆಯಲ್ಲಿ ಊಟದ ಡಬ್ಬಿ ಮುಚ್ಚುವ ಮೊದಲೇ ಚಹಾ ಬಂದಿರುತ್ತದೆ. ಚಹಾದಲ್ಲಿರುವ ಟ್ಯಾನಿನ್ ಸಸ್ಯಾಹಾರದ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳಿಗೆ ದಕ್ಕದಂತೆ ಮಾಡುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಆದರೆ ಅದು ನನ್ನ ಲೋಟಕ್ಕೂ ಅನ್ವಯಿಸುತ್ತದೆ ಎಂದು ಎಂದೂ ಅನಿಸಿರಲಿಲ್ಲ. ಅವರು ಗುಳಿಗೆ ಬರೆದುಕೊಟ್ಟು, ಮನೆಯಲ್ಲಿ ಪಲ್ಯ ಹೇಗೆ ಮಾಡುತ್ತೀರಿ ಎನ್ನುವುದನ್ನೂ ಒಮ್ಮೆ ನೋಡಿಕೊಳ್ಳಿ ಎಂದರು.

ಮರುದಿನ ಭಾನುವಾರ ಬೆಳಿಗ್ಗೆ ಅತ್ತೆಯವರನ್ನು ಕರೆದುಕೊಂಡು ಕಣ್ಣಿ ಮಾರ್ಕೆಟ್ಟಿಗೆ ಹೋದೆ. ಚಳಿಗಾಲದಲ್ಲಿ ನಮ್ಮ ಕಡೆ ಪಲ್ಯಕ್ಕೆ ಬರವಿಲ್ಲ. ಪುಂಡಿ, ಮೆಂತೆ, ರಾಜಗಿರಿ, ಸಬ್ಬಸಿಗೆಗಳ ಜೊತೆಗೆ ಕರಿಮಣ್ಣಿನ ಹೊಲಗಳಿಂದ ಕಡಲೆಯ ಕುಡಿ, ಎಳೆ ಕುಸುಬೆ, ಬಿತ್ತದೆಯೇ ಬೆಳೆಯುವ ಹಕ್ಕರಕಿ ಎಲ್ಲವೂ ಗೋಣಿತಾಟಿನ ಮೇಲೆ ಬಂದು ಕೂತಿರುತ್ತವೆ. ಅತ್ತೆಯವರು ಸಿವುಡನ್ನು ಕೈಯಲ್ಲಿ ಹಿಡಿದು ಬುಡದ ಕಟ್ಟನ್ನು ಬಿಚ್ಚಿ ನೋಡದೆ ಕೊಳ್ಳುವವರಲ್ಲ, ಏಕೆಂದರೆ ಹೊರಗೆ ನೀರು ಚಿಮುಕಿಸಿ ತಾಜಾ ಕಾಣುವ ಕಟ್ಟು ಒಳಗೆ ಬೆಂದಂತಾಗಿರುತ್ತದೆ. ಪಾಲಕ್ ಕಟ್ಟಿಗೆ ನಾನು ಕೈಹಾಕಿದಾಗ ಮೈದುನನ ಹೆಸರು ಹೇಳಿ ತಡೆದರು. ಅವನಿಗೆ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳಾಗಿ, ಪಾಲಕ್ ಕಡಿಮೆ ಮಾಡಿ ನೀರು ಹೆಚ್ಚು ಕುಡಿಯಬೇಕೆಂದು ವೈದ್ಯರು ಹೇಳಿದ್ದಾರೆ. ಸೊಪ್ಪೆಲ್ಲವೂ ಎಲ್ಲರಿಗೂ ಒಂದೇ ಬಗೆಯಲ್ಲಿ ಒಳ್ಳೆಯದು ಎನ್ನುವ ನಮ್ಮ ಪಠ್ಯದ ಸಾಲನ್ನು ಆ ಮನುಷ್ಯ ಒಪ್ಪುವುದಿಲ್ಲ.

ಮನೆಗೆ ಬಂದು ನೆಲದ ಮೇಲೆ ಹಳೆಯ ಸೀರೆ ಹಾಸಿ ಪಲ್ಯ ಸೋಸಲು ಕೂತೆವು. ಪುಂಡಿಯ ಎಲೆಯನ್ನು ದಂಟಿನಿಂದ ಹಿಮ್ಮುಖವಾಗಿ ಎಳೆದರೆ ಟಪ್ ಎಂದು ಬಿಡಿಸಿಕೊಳ್ಳುತ್ತದೆ, ಉಗುರಿನ ಸಂದಿಗೆ ಹುಳಿ ವಾಸನೆ ಹತ್ತಿ ಸಂಜೆಯವರೆಗೂ ಹೋಗುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿ ಒಬ್ಬರಿಗೆ ದಿನಕ್ಕೆ 100 ಗ್ರಾಂ ಸೊಪ್ಪು ಬೇಕೆನ್ನುತ್ತದೆ. ಅಷ್ಟು ಎಂದರೆ ಎಷ್ಟು ಎಂದು ನೋಡಲು ಸೋಸಿದ ಎಲೆಯನ್ನು ತೂಗಿದೆ. ದೊಡ್ಡ ಪರಾತ ತುಂಬ ಕಂಡ ರಾಶಿ ನಾಲ್ವರಿಗೆ ಸಾಲುವಷ್ಟು ಇರಲಿಲ್ಲ. ಬೆಂದ ಮೇಲೆ ಬಟ್ಟಲಿನಲ್ಲಿ ಕಾಣುವ ಎರಡು ಚಮಚ ಪಲ್ಯವನ್ನೇ ನಾನು ಇಷ್ಟು ದಿನ ಲೆಕ್ಕಕ್ಕೆ ಹಿಡಿದಿದ್ದೆ. ಇನ್ನೊಂದು ಲೆಕ್ಕವೂ ಅಷ್ಟೇ ಕಹಿಯಾದದ್ದು: ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, 100 ಗ್ರಾಂ ಪಾಲಕ್‌ನಲ್ಲಿ ಇರುವುದು ಸುಮಾರು 3 ಮಿಲಿಗ್ರಾಂ, ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ.

ಎಸರಿನಲ್ಲಿ ಪುಂಡಿ ಬೆಂದು ಹಸಿರು ಬಣ್ಣ ಖಾಕಿಗೆ ತಿರುಗಿದ ಕೂಡಲೇ ನಾನು ರೂಢಿಯಂತೆ ಬೋಗುಣಿಯನ್ನು ಸಿಂಕಿನ ಮೇಲೆ ಬಗ್ಗಿಸಿದೆ. ಹುಳಿ ಹೆಚ್ಚಾದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ನನ್ನ ಯಜಮಾನರು ದೂರುವುದರಿಂದ ಮದುವೆಯಾದಂದಿನಿಂದಲೂ ನಾನು ಮೊದಲ ನೀರನ್ನು ಚೆಲ್ಲುತ್ತ ಬಂದಿದ್ದೇನೆ. ಅತ್ತೆಯವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಪಲ್ಯದಾಗಿನ ಸತ್ವ ಎಲ್ಲಾ ಮೋರಿಗಿ ಸುರದು ಗುಳಿಗಿ ತರಲಾಕ ಹೋಗ್ತಿ ಏನವಾ? ಹುಳಿ ಆದ್ರ ಬ್ಯಾಳಿ ಹಾಕು, ನುಚ್ಚು ಹಾಕು."

ಅವರಿಗೆ ವಿಟಮಿನ್‌ಗಳ ಹೆಸರು ಗೊತ್ತಿಲ್ಲ, ನನಗೆ ಗೊತ್ತಿತ್ತು. ನೀರಿನಲ್ಲಿ ಕರಗುವ ವಿಟಮಿನ್ ಸಿ ಮತ್ತು ಫೋಲೇಟ್‌ಗಳ ಒಂದು ಪಾಲು ಆ ಎಸರಿನಲ್ಲೇ ಇರುತ್ತದೆ. ರಕ್ತಕಣಗಳು ಸರಿಯಾಗಿ ಬೆಳೆಯಲು ಬೇಕಾದ ಫೋಲೇಟ್‌ಗೆ ಆ ಹೆಸರು ಬಂದದ್ದೇ ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. 1941ರಲ್ಲಿ ಅದನ್ನು ಬೇರ್ಪಡಿಸಿ ಹೆಸರಿಟ್ಟದ್ದು ಪಾಲಕ್ ಎಲೆಯಿಂದ. ಕಬ್ಬಿಣ ಮೈಗೆ ಹತ್ತಲು ನೆರವಾಗುವ ವಿಟಮಿನ್ ಸಿಯನ್ನು ಮೋರಿಗೆ ಬಿಟ್ಟು, ಉಳಿದ ಎಲೆಯನ್ನು ತಿಂದು, ಮೇಲೆ ಚಹಾ ಕುಡಿಯುತ್ತಿದ್ದವಳು ನಾನು. ಹೋಟೆಲಿನ ಬಣ್ಣ ಬರಲಿ ಎಂದು ಪಾಲಕ್‌ಗೆ ಚಿಟಿಕೆ ಅಡುಗೆ ಸೋಡಾ ಹಾಕುತ್ತಿದ್ದದ್ದನ್ನು ಅಂದು ಅತ್ತೆಯವರ ಎದುರು ಬಾಯಿ ಬಿಡಲಿಲ್ಲ. ಸೋಡಾ ಹಸಿರನ್ನು ಉಳಿಸುತ್ತದೆ, ವಿಟಮಿನ್ ಸಿಯನ್ನು ಕೊಲ್ಲುತ್ತದೆ.

ಅಂದಿನ ಪಲ್ಯ ಅವರದೇ ಕ್ರಮದಲ್ಲಿ ಆಯಿತು. ತೊಗರಿ ಬೇಳೆಯನ್ನೂ ಒಂದು ಹಿಡಿ ಜೋಳದ ನುಚ್ಚನ್ನೂ ಎಸರು ಸಮೇತ ಬೇಯಿಸಿ, ಹಸಿಮೆಣಸಿನಕಾಯಿ ಹಾಕಿ ಕಡಗೋಲಿನಿಂದ ಮಸೆದು, ಶೇಂಗಾ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗುವವರೆಗೆ ಹುರಿದು ಚುರ್ ಎಂದು ಒಗ್ಗರಣೆ ಕೊಟ್ಟರು. ತೂಕ ಇಳಿಸುವ ಹುರುಪಿನಲ್ಲಿ ಎಣ್ಣೆಯನ್ನೇ ಬಿಟ್ಟಿದ್ದ ನಾನು ಸುಮ್ಮನೆ ನೋಡಿದೆ, ಏಕೆಂದರೆ ಸೊಪ್ಪಿನಲ್ಲಿರುವ, ದೇಹದಲ್ಲಿ ವಿಟಮಿನ್ ಎ ಆಗುವ ಕ್ಯಾರೋಟಿನ್ ರಕ್ತಕ್ಕೆ ಸೇರಲು ಸ್ವಲ್ಪ ಜಿಡ್ಡು ಬೇಕೇ ಬೇಕು. ಪಕ್ಕಕ್ಕೆ ಹಸಿ ಹಕ್ಕರಕಿಗೆ ಲಿಂಬೆ ಹಿಂಡಿಟ್ಟರು. ಯಜಮಾನರು ಎರಡು ರೊಟ್ಟಿ ಹೆಚ್ಚು ತಿಂದರು, ಹಲ್ಲಿನ ಮಾತೆತ್ತಲಿಲ್ಲ. ಅತ್ತೆಯವರು ಮಾತ್ರ ಊಟ ಮುಗಿದದ್ದೇ ತಡ, ಎರಡು ಚಮಚ ಸಕ್ಕರೆ ಹಾಕಿದ ಚಹಾ ಕೇಳಿದರು. ನಾನು ಒಂದು ತಾಸು ತಡೆಯಿರಿ ಎಂದದ್ದಕ್ಕೆ ಸಂಜೆಯವರೆಗೂ ಮುನಿಸು ನಡೆಯಿತು.

ಸೋಮವಾರ ಶಾಲೆಯಲ್ಲಿ ನಮ್ಮ ಎಂಟು ಜನ ಶಿಕ್ಷಕಿಯರಿಗೆ ಇದನ್ನೆಲ್ಲ ಹೇಳಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಹಾದ ಹೊತ್ತನ್ನು ಮೂರೂವರೆಗೆ ಮುಂದೂಡಲು ಇಬ್ಬರು ಮಾತ್ರ ಒಪ್ಪಿದರು.

ಏಪ್ರಿಲ್‌ನಲ್ಲಿ ಮತ್ತೊಂದು ಶಿಬಿರಕ್ಕೆ ಹೋದೆ. ಹನಿ ಈ ಸಲ ಬಹಳ ಆಳದವರೆಗೆ ಇಳಿದು, ತಳ ಮುಟ್ಟದೆ ತಿರುಗಿ ಬಂತು, ಯಂತ್ರ 12.2 ತೋರಿಸಿತು. ಇದರಲ್ಲಿ ಗುಳಿಗೆಯ ಪಾಲೇ ದೊಡ್ಡದಿರಬೇಕು ಎಂದು ನನ್ನ ಅಂದಾಜು. ಅತ್ತೆಯವರು ಆ ಅಂದಾಜನ್ನು ಒಪ್ಪುವುದಿಲ್ಲ.