‘ದುರ್ಬಲ ಸಂಬಂಧಗಳ ಬಲ’: ಒಂದು ಸಂಶೋಧನಾ ಲೇಖನದ ವಿಶ್ಲೇಷಣೆ ಎಲ್ಲಿಗೆ ಬಂದಿದೆ

ನವೆಂಬರ್ ಆರಂಭ

ಸಮಾಜಶಾಸ್ತ್ರದ ವಿಶ್ಲೇಷಣಾ ಬರಹಕ್ಕಾಗಿ ನಾನು ಮಾರ್ಕ್ ಗ್ರನೋವೆಟರ್ ಅವರ ‘ದಿ ಸ್ಟ್ರೆಂಗ್ತ್ ಆಫ್ ವೀಕ್ ಟೈಸ್’ ಲೇಖನವನ್ನು ಆರಿಸಿಕೊಂಡಿದ್ದೇನೆ. ಇದು 1973ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಸೋಷಿಯಾಲಜಿ’ಯಲ್ಲಿ ಪ್ರಕಟವಾಯಿತು. ಆಪ್ತರಿಗಿಂತ ಬರಿಯ ಪರಿಚಯಸ್ಥರೇ ಹೊಸ ಮಾಹಿತಿಯನ್ನು ನಮ್ಮವರೆಗೆ ತರುತ್ತಾರೆ ಎಂಬ ಒಂದು ಸಾಲಿನ ಸಾರಾಂಶದಿಂದಲೇ ಇದು ಹೆಸರಾಗಿದೆ. ಆ ಸಾಲನ್ನು ಒಪ್ಪುವುದೋ ಬಿಡುವುದೋ ಎಂಬುದು ನನ್ನ ಪ್ರಶ್ನೆಯಲ್ಲ. ಲೇಖನದ ಪ್ರತಿಯೊಂದು ಮಾತೂ ಯಾವ ಬಗೆಯ ಆಧಾರದ ಮೇಲೆ ನಿಂತಿದೆ ಎಂದು ಬಿಡಿಸಿ ತೋರಿಸುವುದು ನನ್ನ ಉದ್ದೇಶ. ಅದಕ್ಕಾಗಿ ಪ್ರತಿ ಪ್ಯಾರಾದ ಪಕ್ಕದಲ್ಲೂ ಅದು ವ್ಯಾಖ್ಯೆಯೋ, ತರ್ಕವೋ, ಬೇರೆಯವರ ದತ್ತಾಂಶವೋ, ಲೇಖಕರ ಸ್ವಂತ ದತ್ತಾಂಶವೋ ಅಥವಾ ಊಹೆಯೋ ಎಂದು ಗುರುತು ಹಾಕುತ್ತ ಓದುತ್ತಿದ್ದೇನೆ. ಲೇಖನವನ್ನು ಹೀಗೆ ಗುರುತಿಸಿದಾಗ ಅದರಲ್ಲಿ ಸ್ವಂತ ದತ್ತಾಂಶಕ್ಕೆ ಸಿಕ್ಕಿರುವ ಜಾಗ ಎಷ್ಟು ಚಿಕ್ಕದೆಂಬುದು ಕಣ್ಣಿಗೆ ಬೀಳುತ್ತದೆ. ಲೇಖನದ ಹೆಚ್ಚಿನ ಭಾಗವನ್ನು ಹೊತ್ತಿರುವುದು ತರ್ಕ.

ನವೆಂಬರ್ ನಡುವೆ

ತರ್ಕದ ಭಾಗವನ್ನು ನನ್ನದೇ ಮಾತಿನಲ್ಲಿ ಬರೆದು ಮುಗಿಸಿದೆ. ಸಂಬಂಧವೊಂದರ ಬಲವನ್ನು ಗ್ರನೋವೆಟರ್ ನಾಲ್ಕು ಅಂಶಗಳ ಕೂಡಿಕೆಯೆಂದು ವ್ಯಾಖ್ಯಾನಿಸುತ್ತಾರೆ: ಜೊತೆಗೆ ಕಳೆಯುವ ಸಮಯ, ಭಾವನೆಯ ತೀವ್ರತೆ, ಒಬ್ಬರಲ್ಲೊಬ್ಬರು ಮನಸ್ಸು ಬಿಚ್ಚಿ ಮಾತನಾಡುವ ಆಪ್ತತೆ ಮತ್ತು ಪರಸ್ಪರ ಮಾಡಿಕೊಳ್ಳುವ ಉಪಕಾರ. ಆಮೇಲೆ ಬರುವುದು ಮೂವರ ಪ್ರಶ್ನೆ. ‘ಕ’ ಎಂಬವನಿಗೆ ‘ಖ’ ಮತ್ತು ‘ಗ’ ಇಬ್ಬರೊಡನೆಯೂ ಬಲವಾದ ಸಂಬಂಧವಿದ್ದರೆ, ‘ಖ’ ಮತ್ತು ‘ಗ’ ನಡುವೆ ಕೊನೆಯ ಪಕ್ಷ ದುರ್ಬಲ ಸಂಬಂಧವಾದರೂ ಇರಲೇಬೇಕು. ಅದೂ ಇಲ್ಲದ ತ್ರಿಕ ಎಂದಿಗೂ ಕಾಣಸಿಗದು ಎಂದು ಅವರು ಇಟ್ಟುಕೊಳ್ಳುತ್ತಾರೆ. ಇದು ಉತ್ಪ್ರೇಕ್ಷೆಯೆಂದು ಅವರೇ ಹೇಳುತ್ತಾರೆ.

ಈ ಒಂದು ಊಹೆಯಿಂದ ಹೊರಡುವ ತೀರ್ಮಾನ ಬಹಳ ಸುಂದರವಾಗಿದೆ. ಎರಡು ಗುಂಪುಗಳ ನಡುವೆ ಮಾಹಿತಿ ಸಾಗಲು ಇರುವ ಏಕೈಕ ದಾರಿಗೆ ಸೇತುವೆ ಎಂದು ಹೆಸರು. ‘ಕ’ ಮತ್ತು ‘ಖ’ ನಡುವಿನ ಬಲವಾದ ಸಂಬಂಧವೇ ಅಂಥ ಸೇತುವೆಯೆಂದು ಎಣಿಸೋಣ. ‘ಕ’ನಿಗೆ ‘ಗ’ ಎಂಬ ಇನ್ನೊಬ್ಬ ಆಪ್ತನಿದ್ದ ಕೂಡಲೇ ಊಹೆಯ ಪ್ರಕಾರ ‘ಖ’ ಮತ್ತು ‘ಗ’ ಪರಿಚಿತರಾಗಿರುತ್ತಾರೆ, ಆಗ ‘ಗ’ನ ಮೂಲಕ ಎರಡನೆಯ ದಾರಿಯೊಂದು ತೆರೆಯುತ್ತದೆ ಮತ್ತು ಮೊದಲಿನದು ಸೇತುವೆಯಾಗಿ ಉಳಿಯುವುದಿಲ್ಲ. ಆದ್ದರಿಂದ, ಇಬ್ಬರಿಗೂ ಬೇರೆ ಆಪ್ತರೇ ಇಲ್ಲದ ಅಪರೂಪದ ಸಂದರ್ಭವನ್ನು ಬಿಟ್ಟರೆ, ಸೇತುವೆಗಳೆಲ್ಲವೂ ದುರ್ಬಲ ಸಂಬಂಧಗಳೇ ಆಗಿರಬೇಕು. ಇದರ ವಿಲೋಮ ನಿಜವಲ್ಲ, ಏಕೆಂದರೆ ಎಷ್ಟೋ ದುರ್ಬಲ ಸಂಬಂಧಗಳು ಯಾವ ಸೇತುವೆಯೂ ಆಗಿರುವುದಿಲ್ಲ. ಜನಪ್ರಿಯ ಸಾರಾಂಶಗಳಲ್ಲಿ ಕಳೆದುಹೋಗುವುದು ಸರಿಯಾಗಿ ಈ ವ್ಯತ್ಯಾಸವೇ. ಇದು ನನ್ನ ಬರಹದ ಮೊದಲ ಪುಟದಲ್ಲೇ ಬರಬೇಕೆಂದು ನಿರ್ಧರಿಸಿದ್ದೇನೆ.

ನವೆಂಬರ್ ಕೊನೆ

ಈ ವಾರವಿಡೀ ಉದ್ಯೋಗದ ದತ್ತಾಂಶಕ್ಕೆ ಮೀಸಲಾಯಿತು, ಮತ್ತು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. ಬಾಸ್ಟನ್ ನಗರದ ಹೊರವಲಯದಲ್ಲಿ ಇತ್ತೀಚೆಗೆ ಉದ್ಯೋಗ ಬದಲಿಸಿದ್ದ ವೃತ್ತಿಪರ, ತಾಂತ್ರಿಕ ಮತ್ತು ವ್ಯವಸ್ಥಾಪಕ ವರ್ಗದವರನ್ನು ಗ್ರನೋವೆಟರ್ ಸಂದರ್ಶಿಸಿದರು. ಪರಿಚಯದವರ ಮೂಲಕ ಕೆಲಸ ದೊರಕಿಸಿಕೊಂಡವರಿಗೆ, ಸುದ್ದಿ ತಲುಪಿಸಿದ ವ್ಯಕ್ತಿಯನ್ನು ಆ ಕಾಲದಲ್ಲಿ ಎಷ್ಟು ಬಾರಿ ಭೇಟಿಯಾಗುತ್ತಿದ್ದಿರಿ ಎಂದು ಕೇಳಲಾಯಿತು. ಶೇ. 16.7ರಷ್ಟು ಮಂದಿ ‘ಆಗಾಗ’ ಎಂದರು, ಶೇ. 55.6ರಷ್ಟು ‘ಕೆಲವೊಮ್ಮೆ’ ಎಂದರು, ಶೇ. 27.8ರಷ್ಟು ‘ಅಪರೂಪಕ್ಕೆ’ ಎಂದರು. ಒಟ್ಟು ಉತ್ತರಗಳು 54. ಶೇಕಡಾವಾರನ್ನು ಜನರ ಸಂಖ್ಯೆಗೆ ತಿರುಗಿಸಿದರೆ ಕ್ರಮವಾಗಿ 9, 30 ಮತ್ತು 15 ಬರುತ್ತದೆ. ಸಣ್ಣ ಮಾದರಿಯ ಕೋಷ್ಟಕವನ್ನು ಓದುವಾಗ ಹೀಗೆ ತಿರುಗಿಸಿಕೊಳ್ಳುವುದು ತುಂಬ ಉಪಯುಕ್ತ. ದಶಮಾಂಶಗಳು ಕೊಡುವ ನಿಖರತೆಯ ಭಾವನೆ ಕರಗಿ, ನಿಜವಾದ ಪ್ರಮಾಣ ಎದುರಿಗೆ ಬರುತ್ತದೆ.

ಕೋಷ್ಟಕದ ಬಗ್ಗೆ ನನ್ನ ಟಿಪ್ಪಣಿ ಎರಡು ಪ್ರಶ್ನೆಗಳ ಸುತ್ತ ಬೆಳೆದಿದೆ. ವ್ಯಾಖ್ಯೆಯಲ್ಲಿ ನಾಲ್ಕು ಅಂಶಗಳಿದ್ದರೂ ಇಲ್ಲಿ ಅಳೆದಿರುವುದು ಭೇಟಿಯ ಆವರ್ತನವನ್ನು ಮಾತ್ರ. ವರ್ಷಕ್ಕೊಮ್ಮೆ ಸಿಗುವ ಬಾಲ್ಯದ ಗೆಳೆಯ ಇಲ್ಲಿ ದುರ್ಬಲ, ದಿನವೂ ಎದುರಾಗುವ ಅಪರಿಚಿತಪ್ರಾಯ ಸಹೋದ್ಯೋಗಿ ಬಲಿಷ್ಠ. ಅಲ್ಲದೆ ವಾರಕ್ಕೆ ಎರಡು ಬಾರಿಯಾದರೂ ಕಂಡರೆ ‘ಆಗಾಗ’, ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆಯಾದರೆ ‘ಅಪರೂಪ’, ನಡುವಿನದೆಲ್ಲ ‘ಕೆಲವೊಮ್ಮೆ’ ಎಂಬ ವಿಂಗಡಣೆಯಲ್ಲಿ ಪ್ರತಿ ವಾರವೂ ತಪ್ಪದೆ ಭೇಟಿಯಾಗುವವನೂ ಮಧ್ಯದ ವರ್ಗಕ್ಕೇ ಬೀಳುತ್ತಾನೆ, ಮತ್ತು 54ರಲ್ಲಿ 30 ಮಂದಿ ಇರುವುದು ಆ ವಿಶಾಲ ವರ್ಗದಲ್ಲೇ. ಇನ್ನೊಂದು ಪ್ರಶ್ನೆ ಹೋಲಿಕೆಯದು. ಯಾರಿಗೇ ಆದರೂ ಆಪ್ತರಿಗಿಂತ ಪರಿಚಯಸ್ಥರೇ ಹೆಚ್ಚಾಗಿರುವಾಗ, ಕೆಲಸದ ಸುದ್ದಿ ಪರಿಚಯಸ್ಥರಿಂದ ಹೆಚ್ಚಾಗಿ ಬಂದಿತೆಂಬುದರಿಂದಲೇ ಒಂದೊಂದು ದುರ್ಬಲ ಸಂಬಂಧವೂ ಒಂದೊಂದು ಬಲವಾದ ಸಂಬಂಧಕ್ಕಿಂತ ಹೆಚ್ಚು ಫಲಕಾರಿ ಎನ್ನಲಾಗದು. ಅದಕ್ಕೆ ಪ್ರತಿಯೊಬ್ಬರ ಒಟ್ಟು ಸಂಬಂಧಗಳ ಲೆಕ್ಕ ಬೇಕಾಗುತ್ತದೆ.

ಇದನ್ನು ಬರೆಯುವಾಗ ನ್ಯಾಯವಾಗಿರುವುದು ಮುಖ್ಯವೆಂದು ನನಗೆ ಅನ್ನಿಸುತ್ತದೆ. ಸಂಬಂಧದ ಬಲವೊಂದನ್ನೇ ನೋಡಿದರೆ ಅದರ ಒಳಗಿನ ವಿಷಯ ಕೈಬಿಟ್ಟುಹೋಗುತ್ತದೆ ಎಂದು ಲೇಖನದ ಕೊನೆಯಲ್ಲಿ ಗ್ರನೋವೆಟರ್ ತಾವೇ ಒಪ್ಪಿಕೊಂಡಿದ್ದಾರೆ. ವಿದ್ಯಾರ್ಥಿ ಬರಹಗಳಲ್ಲಿ ‘ಮಾದರಿ ಚಿಕ್ಕದು’ ಎಂದು ಬರೆದು ಟೀಕೆ ಮುಗಿಸುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಆ ಮಾದರಿ ಲೇಖನದ ಯಾವ ಹೆಜ್ಜೆಯನ್ನು ಹೊರಬೇಕಾಗಿತ್ತು ಎಂದು ಹೇಳದ ಹೊರತು ಆ ಟೀಕೆಗೆ ಅರ್ಥವಿಲ್ಲ.

ಡಿಸೆಂಬರ್ ಮೊದಲ ವಾರ

ಬಾಸ್ಟನ್ನಿನ ವೆಸ್ಟ್ ಎಂಡ್ ಬಡಾವಣೆಯ ಭಾಗವನ್ನು ಬೇಗ ಮುಗಿಸಿದೆ. ನಗರ ನವೀಕರಣದಲ್ಲಿ ನೆಲಸಮವಾದ ಆ ಬಡಾವಣೆಯ ಜನ ಏಕೆ ಸಂಘಟಿತರಾಗಿ ಪ್ರತಿಭಟಿಸಲಿಲ್ಲ ಎಂಬುದನ್ನು, ಹರ್ಬರ್ಟ್ ಗ್ಯಾನ್ಸ್ ಅವರ ಅಧ್ಯಯನವನ್ನು ಆಧರಿಸಿ, ಬಿಗಿಯಾದ ಸಣ್ಣ ಗುಂಪುಗಳ ನಡುವೆ ಸೇತುವೆಗಳು ಇಲ್ಲದಿದ್ದುದರಿಂದ ಇರಬಹುದು ಎಂದು ಲೇಖನ ವಿವರಿಸುತ್ತದೆ. ನನ್ನ ಗುರುತಿನಲ್ಲಿ ಇದು ‘ಊಹೆ’ಯ ಸಾಲಿಗೇ ಸೇರುತ್ತದೆ. ಗ್ಯಾನ್ಸ್ ಅವರು 1974ರಲ್ಲಿ ಅದೇ ಪತ್ರಿಕೆಯಲ್ಲಿ ಇದಕ್ಕೆ ಪ್ರತಿಕ್ರಿಯಿಸಿದರು.

ಮುಂದಿನ ಸಂಶೋಧನೆಯ ಭಾಗಕ್ಕೆ ಎರಡು ಕೃತಿಗಳನ್ನು ಇಟ್ಟುಕೊಂಡಿದ್ದೇನೆ. ಚೀನಾದ ಟಿಯಾನ್‌ಜಿನ್‌ನಲ್ಲಿ 1988ರಲ್ಲಿ ನಡೆದ ಸಮೀಕ್ಷೆಯನ್ನು ಆಧರಿಸಿ ಯಾಂಜಿ ಬಿಯಾನ್ 1997ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸರ್ಕಾರವೇ ಉದ್ಯೋಗ ಹಂಚುತ್ತಿದ್ದ ವ್ಯವಸ್ಥೆಯಲ್ಲಿ ಬೇಕಾಗಿದ್ದುದು ಸುದ್ದಿಗಿಂತ ಹೆಚ್ಚಾಗಿ ಪ್ರಭಾವ, ಮತ್ತು ಪ್ರಭಾವ ಹರಿಯುತ್ತಿದ್ದುದು ನಂಬಿಕೆಯಿದ್ದ ಬಲವಾದ ಸಂಬಂಧಗಳ ಮೂಲಕ. ಇನ್ನೊಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದದ್ದು. ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ನಡೆದ ಪ್ರಯೋಗಗಳನ್ನು ವಿಶ್ಲೇಷಿಸಿದ ಆ ಅಧ್ಯಯನ, ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾದದ್ದು ತೀರ ದುರ್ಬಲವೂ ಅಲ್ಲದ, ಬಲವೂ ಅಲ್ಲದ ನಡುವಿನ ಸಂಬಂಧಗಳು ಎಂದು ಕಂಡುಕೊಂಡಿತು. ಅಲ್ಲಿ ಸಂಬಂಧದ ಬಲವನ್ನು ಅಳೆಯಲು ಇಬ್ಬರಿಗೂ ಸಾಮಾನ್ಯರಾದ ಪರಿಚಿತರ ಸಂಖ್ಯೆಯನ್ನು ಬಳಸಿದ್ದಾರೆ. ಅದು ಭೇಟಿಯ ಆವರ್ತನಕ್ಕಿಂತ ಭಿನ್ನವಾದ, ಸೇತುವೆಯ ಕಲ್ಪನೆಗೆ ಹೆಚ್ಚು ಹತ್ತಿರವಾದ ಅಳತೆ. ಆದ್ದರಿಂದ ಈ ಫಲಿತಾಂಶವನ್ನು 1973ರ ಕೋಷ್ಟಕದ ನೇರ ಪರೀಕ್ಷೆಯೆಂದು ಕರೆಯದೆ, ಅದರ ತರ್ಕದ ಪರೀಕ್ಷೆಯೆಂದೇ ಬರೆಯಲಿದ್ದೇನೆ.

ಇನ್ನು ಉಳಿದಿರುವುದು, ಗ್ರನೋವೆಟರ್ ತಮ್ಮ ಸಿದ್ಧಾಂತವನ್ನು ಮರುಪರಿಶೀಲಿಸಿ 1983ರಲ್ಲಿ ಬರೆದ ಲೇಖನ. ಸೇತುವೆಯಾಗುವ ದುರ್ಬಲ ಸಂಬಂಧಗಳಿಗೆ ಮಾತ್ರ ಆ ಮಹತ್ವವಿದೆ ಎಂದು ಅವರು ಅಲ್ಲಿ ಒತ್ತಿಹೇಳುವುದರಿಂದ, ಅದನ್ನು ಮುಗಿಸಿದ ಮೇಲೆ ತ್ರಿಕದ ಭಾಗವನ್ನು ಇನ್ನೊಮ್ಮೆ ತಿದ್ದಿ, ಕೋಷ್ಟಕದ ಟಿಪ್ಪಣಿಯೊಡನೆ ಜೋಡಿಸಬೇಕಿದೆ.