10, 12, 14ಕ್ಕೆ ಮೊದಲು ಕೈ ಬಿಚ್ಚಿ

ಹೊಸದಾಗಿ ಗ್ಯಾರೇಜ್ ಹಾಕುವ ಹುಡುಗರು ಬಂದು ಕೇಳುವುದು ಒಂದೇ ಮಾತು: "ಅಣ್ಣಾ, ಯಾವ ಕಂಪನಿ ಟೂಲ್ ಸೆಟ್ ತಗೊಳ್ಳಲಿ?" ಇಡೀ ಪೆಟ್ಟಿಗೆಗೆ ಒಂದೇ ಕಂಪನಿ ಯಾಕಪ್ಪಾ ಬೇಕು ಅಂತ ನಾನು ತಿರುಗಿ ಕೇಳುತ್ತೇನೆ.

ನನ್ನದು ಬೈಕ್ ಗ್ಯಾರೇಜ್. ಬರುವುದು ಸ್ಪ್ಲೆಂಡರ್, ಆಕ್ಟಿವಾ, ಅಪರೂಪಕ್ಕೊಂದು ಹಳೆ ಯಮಹಾ ಆರ್‌ಎಕ್ಸ್ 100. ದಿನವಿಡೀ ಕೈಯಲ್ಲಿರುವುದು 10, 12, 14 ಎಂಎಂ ಸ್ಪ್ಯಾನರ್. ಇವನ್ನು ನಾನು ಟಪಾರಿಯಾ ಕಂಪನಿಯದನ್ನೇ ತಗೊಳ್ಳುತ್ತೇನೆ. 1969ರಲ್ಲಿ ಸ್ವೀಡನ್ ಕಂಪನಿಯೊಂದರ ತಾಂತ್ರಿಕ ಸಹಾಯದಿಂದ ಶುರು ಮಾಡಿದವರು, ನಾಸಿಕ್‌ನವರು. ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಬಿಡಿಯಾಗಿ ಸಿಗುತ್ತದೆ, ನನಗೆ ಅದೇ ದೊಡ್ಡದು. ಕಳೆದುಹೋಗುವುದು ಯಾವಾಗಲೂ 10ನೇ ನಂಬರೇ ಅಲ್ವಾ? ಅದೊಂದನ್ನೇ ತಂದರಾಯ್ತು.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಹೊಸ ಬೋಲ್ಟ್ ಇರಲಿ. ಸ್ಪ್ಯಾನರ್ ಬಾಯಿಗೆ ಅದನ್ನು ಕೊಟ್ಟು ಅಲ್ಲಾಡಿಸಿ. ಒಳ್ಳೆಯದು ಕಚ್ಚಿಕೊಂಡು ಕೂರುತ್ತದೆ, ಕಳಪೆಯದು ಲೊಡಲೊಡ ಅನ್ನುತ್ತದೆ. ಎರಡೂ ತುದಿಯಲ್ಲಿ ಬಾಯಿ ತೆರೆದಿರುವ ಡಬಲ್ ಎಂಡ್ ಸ್ಪ್ಯಾನರ್ ಹಿಡಿಯುವುದು ಬೋಲ್ಟಿನ ಎರಡೇ ಮೈಯನ್ನು. ಜೋರು ಬಿದ್ದಾಗ ಬಾಯಿ ಅಗಲವಾಗಿ ಬೋಲ್ಟ್ ತಲೆ ರೌಂಡ್ ಆಗಿಬಿಡುತ್ತದೆ. ತುದಿ ಬಳೆಯಂತಿರುವ ರಿಂಗ್ ಸ್ಪ್ಯಾನರ್ ಆದರೆ ಆರೂ ಮೂಲೆಯನ್ನು ಹಿಡಿಯುತ್ತದೆ. ಹಾಗಾಗಿ ದುಡ್ಡು ಮೊದಲು ರಿಂಗ್ ಮೇಲೆ. ಕ್ರೋಮ್ ವೆನೇಡಿಯಂ (ಗಟ್ಟಿ ಮಿಶ್ರ ಉಕ್ಕು) ಅಂತ ಅಚ್ಚು ಹಾಕಿದ್ದಾರೆ ಅಂತ ಸುಮ್ನೆ ನಂಬಬೇಡಿ. ಉಕ್ಕು ಎಷ್ಟೇ ಒಳ್ಳೆಯದಿರಲಿ, ಹದ ಮೆತ್ತಗಾದರೆ ಬಾಯಿ ಬಿಡುತ್ತದೆ, ಗಡುಸಾದರೆ ಪಟ್ಟನೆ ಒಡೆಯುತ್ತದೆ.

ಸ್ಕ್ರೂಡ್ರೈವರ್ ವಿಷಯ ಬೇರೆ. ಆರ್‌ಎಕ್ಸ್ 100ರ ಇಂಜಿನ್ ಕವರ್ ಬಿಚ್ಚಿದವರಿಗೆ ಗೊತ್ತು, ತಲೆಯಲ್ಲಿ ಪ್ಲಸ್ ಗುರುತಿನ ಆ ಸ್ಟಾರ್ ಸ್ಕ್ರೂಗಳು ಎಷ್ಟು ಹಟಮಾರಿ ಅಂತ. ಅವು ಜಪಾನಿ ಅಳತೆಯವು. ನಮ್ಮ ಮಾಮೂಲಿ ಫಿಲಿಪ್ಸ್ ತುದಿ ಪೂರ್ತಿ ಕೂರದೆ ಮೇಲಕ್ಕೆದ್ದು ಜಾರುತ್ತದೆ, ಸ್ಕ್ರೂ ತಲೆ ತಿಂದುಹಾಕುತ್ತದೆ. ಇದಕ್ಕೆ ಜಪಾನಿನ ವೆಸೆಲ್ ಕಂಪನಿಯದು ಸರಿ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಸೆಟ್ ಬೇಡ, 2 ಮತ್ತು 3ನೇ ನಂಬರ್ ಸಾಕು. ಕವರ್ ಹಾಳಾದರೆ ಆ ಗಾಡಿಗೆ ಒರಿಜಿನಲ್ ಹುಡುಕುವ ಕಷ್ಟಕ್ಕಿಂತ ಇದು ಕಮ್ಮಿಯೇ.

ಅಮೆರಿಕದ ದುಬಾರಿ ಟೂಲ್ ಕಂಪನಿ ಸ್ನ್ಯಾಪ್-ಆನ್ ಬಗ್ಗೆಯೂ ಕೇಳುತ್ತಾರೆ, ಯೂಟ್ಯೂಬ್ ಪ್ರಭಾವ! ಸಾಮಾನು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದಲ್ಲಿ ಅವರ ವ್ಯಾನೇ ಗ್ಯಾರೇಜ್ ಬಾಗಿಲಿಗೆ ಬರುತ್ತದೆ. ಕಂತಿನಲ್ಲಿ ಕೊಡುತ್ತಾರೆ, ಮುರಿದರೆ ಅಲ್ಲೇ ಬದಲಾಯಿಸುತ್ತಾರೆ. ಆ ಬೆಲೆಯಲ್ಲಿ ಈ ಸೇವೆಯೂ ಸೇರಿದೆ. ನನ್ನ ಬೀದಿಗೆ ವ್ಯಾನ್ ಬರದಿದ್ದ ಮೇಲೆ ಅಷ್ಟು ದುಡ್ಡು ಯಾಕೆ ಕೊಡಲಿ?

ಸುತ್ತಿಗೆಗೆ ಕಂಪನಿ ನೋಡಬೇಡಿ, ಹಿಡಿ ಬಿಗಿಯಾಗಿದ್ದರೆ ಸಾಕು. ಟಯರ್ ಲಿವರ್‌ಗೂ ಅಷ್ಟೇ. ಅಂಚನ್ನು ಬೆರಳಲ್ಲಿ ಸವರಿ ನೋಡಿ, ಚೂಪಿದ್ದರೆ ಟ್ಯೂಬ್ ಕೊಯ್ಯುತ್ತದೆ. ಇನ್ನು ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಸ್ಪ್ಯಾನರ್ ಮಾತ್ರ, ಅದು ಜರ್ಮನಿಯದೇ ಆಗಿರಲಿ, ನನ್ನ ಗ್ಯಾರೇಜಿನ ಬೈಕ್‌ಗೆ ಮುಟ್ಟಿಸುವ ಹಾಗಿಲ್ಲ. ನಲ್ಲಿ ರಿಪೇರಿಗೆ ಮನೆಯಲ್ಲಿಟ್ಟುಕೊಳ್ಳಿ.