ಹೇಮಾವತಿಯ ಬೆನ್ನ ಹಿಂದಿನ ನೀರು

ಹಾಸನದ ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಹೇಮಾವತಿ. ಅದು ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ, ಬಲ್ಲಾಳರಾಯನ ದುರ್ಗದ ಬುಡದಲ್ಲಿ. ಅದೇ ಗುಡ್ಡಸಾಲಿನ ಇನ್ನೊಂದು ಮಗ್ಗುಲಲ್ಲಿ ಸುಮಾರು 200 ಅಡಿ ಧುಮುಕುವ ಬಂಡಾಜೆ ಅರ್ಬಿ ಇದೆ. ತುಳುವಿನಲ್ಲಿ ಅರ್ಬಿ ಅಂದರೆ ಜಲಪಾತ. ನಮ್ಮ ನೀರು ಪೂರ್ವಕ್ಕೆ ಹರಿದು ಗೊರೂರು ಅಣೆಕಟ್ಟು ದಾಟಿ ಕಾವೇರಿ ಸೇರುತ್ತದೆ. ಆ ನೀರು ಪಶ್ಚಿಮಕ್ಕೆ ಹಾರಿ ನೇತ್ರಾವತಿ ಸೇರಿ ಮಂಗಳೂರಿನ ಕಡಲಿಗೆ ಹೋಗುತ್ತದೆ. ಇದನ್ನು ಒಮ್ಮೆ ಕಾಲಾರೆ ನಡೆದು ನೋಡಬೇಕು ಅಂತ ಎಷ್ಟೋ ವರ್ಷದಿಂದ ಆಸೆ ಇತ್ತು.

ಹೋದ ನವೆಂಬರ್ ಕೊನೆಯಲ್ಲಿ ನಾಲ್ಕು ಜನ ಹೊರಟೆವು. ನಾನು, ಅಕ್ಕ, ಭಾವ, ಅವರ 14 ವರ್ಷದ ಮಗಳು.

ಬಂಡಾಜೆಗೆ ಎರಡು ದಾರಿ. ಉಜಿರೆ ಕಡೆಯ ವಳಂಬ್ರದಿಂದ ಕಾಡಿನೊಳಗೆ ಏರಿ ಬರುವುದು ಒಂದು. ಅದು ಕಡಿದಾದ ದಾರಿ, ಅಕ್ಕನ ಮಂಡಿಗೆ ಆಗುವಂಥದ್ದಲ್ಲ. ಇನ್ನೊಂದು ಘಟ್ಟದ ಮೇಲಿನದು. ಸುಂಕಸಾಲೆ ಕಡೆಯಿಂದ ದುರ್ಗದ ಕೋಟೆ ಹತ್ತಿ, ಆಚೆ ಇಳಿದು, ಜಲಪಾತದ ನೆತ್ತಿಗೆ ಹೋಗುವುದು. ಹೋಗಿ ಬರಲು 12ರಿಂದ 14 ಕಿಲೋಮೀಟರ್. ನಾವು ಆರಿಸಿಕೊಂಡದ್ದು ಇದನ್ನೇ.

ಕೂತು ಲೆಕ್ಕ ಹಾಕುವಾಗ ಒಂದು ವಿಷಯ ಹೊಳೆಯಿತು. ಸಾಮಾನ್ಯವಾಗಿ ಗುಡ್ಡ ಅಂದರೆ ಬೆಳಿಗ್ಗೆ ಹತ್ತುವುದು, ಸಂಜೆ ಇಳಿಯುವುದು. ಇಲ್ಲಿ ಹಾಗಿಲ್ಲ. ಕೋಟೆ ಎತ್ತರದಲ್ಲಿದೆ, ಜಲಪಾತದ ನೆತ್ತಿ ಅದಕ್ಕಿಂತ ಎಷ್ಟೋ ತಗ್ಗಿನಲ್ಲಿದೆ. ಅಂದರೆ ನೀರು ನೋಡಿ, ಬುತ್ತಿ ಉಂಡು, ಕಾಲು ಸೋತ ಮೇಲೆ ಮತ್ತೆ ಕೋಟೆವರೆಗೆ ಏರಬೇಕು, ಅದೂ ಮಧ್ಯಾಹ್ನದ ಬಿಸಿಲಲ್ಲಿ. ಹಾಗಾಗಿ ಸಮಯವನ್ನು ಸಂಜೆಯಿಂದ ಹಿಂದಕ್ಕೆ ಎಣಿಸಿದೆ. ನವೆಂಬರ್ ಕೊನೆಗೆ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಮರದ ಕೆಳಗೆ ಅದಕ್ಕೂ ಮೊದಲೇ ಕತ್ತಲೆ. ಐದಕ್ಕೆ ಕೆಳಗಿರಬೇಕು ಅಂದರೆ ಮೂರೂಕಾಲಿಗೆ ಕೋಟೆ, ಅದಕ್ಕೆ ಒಂದು ಗಂಟೆಗೆ ಜಲಪಾತ ಬಿಡಬೇಕು. ನೀರು ಕಾಣಲಿ ಬಿಡಲಿ, ಒಂದಕ್ಕೆ ವಾಪಸ್ ಅಂತ ಎಲ್ಲರಿಂದ ಮಾತು ತೆಗೆದುಕೊಂಡೆ. ಭಾವ ಮೊದಲು ಒಪ್ಪಲಿಲ್ಲ. "ಅಷ್ಟು ದೂರ ಹೋಗಿ ಹತ್ತು ನಿಮಿಷಕ್ಕೆ ತಪ್ಪಿಸಿಕೊಳ್ಳೋದಾ?" ಅಂದರು. ಆಮೇಲೆ ಅಕ್ಕನ ಮಂಡಿ ನೆನಪಾಗಿ ಸುಮ್ಮನಾದರು.

ಅನುಮತಿ ಇಲ್ಲದೆ ಇಲ್ಲಿಗೆ ಹೋಗುವಂತಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ್ದರು, ನೆನಪಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ಆನ್‌ಲೈನ್ ಬುಕಿಂಗ್‌ಗೆ ತಂದಿತು. ಈಗ ಅರಣ್ಯ ವಿಹಾರ ಅನ್ನುವ ವೆಬ್‌ಸೈಟಿನಲ್ಲಿ ಮೊದಲೇ ಟಿಕೆಟ್ ತೆಗೆಯಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಇದು ಬಹಳ ಒಳ್ಳೆಯ ಕೆಲಸ ಅಂತ ನನಗೆ ಮನಸಾರೆ ಅನಿಸುತ್ತದೆ. ನಾವು ಬುಧವಾರ ಹಿಡಿದೆವು. ಶನಿವಾರ, ಭಾನುವಾರ ಬೇಗ ತುಂಬುತ್ತದೆ.

ತಿಂಗಳು ಆರಿಸುವುದೂ ಯೋಚನೆಯ ಕೆಲಸವೇ. ಮಳೆಗಾಲದಲ್ಲಿ ನೀರು ಜಾಸ್ತಿ, ಆದರೆ ಮಂಜಿನಲ್ಲಿ ಏನೂ ಕಾಣುವುದಿಲ್ಲ, ಬಂಡೆಯೆಲ್ಲ ಜಾರುತ್ತದೆ. 2019ರ ಆಗಸ್ಟ್ ಮಳೆಗೆ ಇದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡವೇ ಜರಿದು ಮನೆಗಳು ಹೋದವು. ಬೇಸಿಗೆಗೆ ಹುಲ್ಲು ಒಣಗಿ ಬೆಂಕಿಯ ಭಯ, ನೀರೂ ಸಣಕಲು. ಇವೆರಡರ ನಡುವೆ ನವೆಂಬರ್, ಡಿಸೆಂಬರ್ ಉಳಿಯುತ್ತದೆ.

ಹಿಂದಿನ ರಾತ್ರಿ ಕೊಟ್ಟಿಗೆಹಾರದ ಹತ್ತಿರ ಉಳಿದು, ಬೆಳಿಗ್ಗೆ ನೀರುದೋಸೆ ತಿಂದು ಕಳಸದ ರಸ್ತೆ ಹಿಡಿದೆವು. ಏಳೂವರೆಗೆ ನಡಿಗೆ ಶುರು. ಜೊತೆಗೆ ಬಂದ ಗೈಡ್ ಅಲ್ಲೇ ಪಕ್ಕದ ಊರಿನವರು, ಐವತ್ತು ದಾಟಿದವರು. ಅಕ್ಕನ ಕಾಲು ನೋಡಿ, "ಶೂ ಹೊಸದಾ ಅಕ್ಕ?" ಅಂತ ಕೇಳಿದರು. ತುಂಬಾ ವರ್ಷದ ಹಿಂದೆ ತೆಗೆದದ್ದು, ಹಾಕಿಯೇ ಇಲ್ಲ, ಹೊಸದರ ಹಾಗೇ ಇದೆ ಅಂದಳು ಅಕ್ಕ. ಅವರು ಏನೂ ಹೇಳಲಿಲ್ಲ.

ಮೊದಲ ಅರ್ಧ ಗಂಟೆ ಮರದ ನೆರಳು. ನೆಲದಲ್ಲಿ ತೇವ ಆರಿರಲಿಲ್ಲ, ರಕ್ತ ಹೀರುವ ಇಂಬಳ ಇನ್ನೂ ಇದ್ದವು. ಗೈಡ್ ಹೊಗೆಸೊಪ್ಪು, ಸುಣ್ಣ ಕಟ್ಟಿದ ಬಟ್ಟೆಯ ಗಂಟು ತಂದಿದ್ದರು. ನೀರಲ್ಲಿ ಅದ್ದಿ ಕಾಲಿಗೆ ಒರೆಸಿಕೊಂಡರೆ ಹತ್ತುವುದಿಲ್ಲ. ಆಮೇಲೆ ಮರ ಮುಗಿದು ಹುಲ್ಲುಗುಡ್ಡ. ಇಲ್ಲಿಂದ ಏರು ಜೋರು. ಅಕ್ಕನಿಗಾಗಿ ಐವತ್ತು ಹೆಜ್ಜೆ ನಡೆದು ನಿಲ್ಲುತ್ತ ಹೋದೆವು.

ಕೋಟೆ ಮುಟ್ಟಿದಾಗ ಹತ್ತು ಗಂಟೆ. ಹೊಯ್ಸಳರ ಕಾಲದ್ದು. ಅವರ ಮೂಲ ಊರು ಅಂಗಡಿಯೂ ಇದೇ ತಾಲ್ಲೂಕಿನಲ್ಲಿದೆ. ಈಗ ಉಳಿದಿರುವುದು ಕಲ್ಲಿನ ಗೋಡೆ, ಅದರ ಮೇಲೆ ಹುಲ್ಲು. ಅಕ್ಕನ ಮಗಳನ್ನು ಗೋಡೆಯ ಹತ್ತಿರ ನಿಲ್ಲಿಸಿ ಎರಡೂ ಕಡೆ ತೋರಿಸಿದೆ. ಈ ಕಡೆ ಕಾಫಿ ತೋಟ, ಗದ್ದೆ, ನಮ್ಮ ಊರಿನ ದಿಕ್ಕು. ಆ ಕಡೆ ನೆಲವೇ ಇಲ್ಲದ ಹಾಗೆ ಕುಸಿದು ಹೋದ ಘಟ್ಟ, ಕೆಳಗೆ ದಕ್ಷಿಣ ಕನ್ನಡದ ಹಸಿರು. "ಹಾಗಾದ್ರೆ ಚಿಕ್ಕಮ್ಮ, ಇಲ್ಲಿ ಬಿದ್ದ ಒಂದೇ ಮಳೆ ಎರಡು ಸಮುದ್ರಕ್ಕೆ ಹೋಗುತ್ತಾ?" ಅಂತ ಕೇಳಿದಳು. ನನಗೆ ಮೈ ಜುಂ ಅಂತು. ನಾನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಅವಳು ಒಂದೇ ಮಾತಲ್ಲಿ ಹೇಳಿದ್ದಳು.

ಕೋಟೆಯಿಂದ ಇಳಿಯುವ ದಾರಿ ಕಣ್ಣಿಗೆ ಹಬ್ಬ. ಗುಡ್ಡದ ಮೈಯೆಲ್ಲ ಹುಲ್ಲು, ಎರಡು ಗುಡ್ಡ ಕೂಡುವ ಮಡಿಲಲ್ಲಿ ಮಾತ್ರ ಕಪ್ಪು ಹಸಿರಿನ ಶೋಲಾ ಕಾಡು. ಬಿದ್ದ ಮಳೆಯನ್ನು ಹುಲ್ಲಿನ ಬೇರು ಮತ್ತು ಶೋಲಾದ ಎಲೆಗೊಬ್ಬರ ಹೀರಿಕೊಂಡು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಮಳೆ ನಿಂತ ಎಷ್ಟೋ ದಿನದ ಮೇಲೂ ಬಂಡಾಜೆಯಲ್ಲಿ ನೀರು ಇರುವುದು ಇದರಿಂದಲೇ. ಹುಲ್ಲುಗುಡ್ಡ ಖಾಲಿ ಜಾಗ, ಗಿಡ ನೆಟ್ಟು ತುಂಬಿಸಬೇಕು ಅಂದುಕೊಳ್ಳುವವರು ಇಲ್ಲೊಮ್ಮೆ ನಡೆಯಬೇಕು. ಅದು ಖಾಲಿ ಅಲ್ಲ, ನೀರಿನ ಚೀಲ.

ಹುಲ್ಲಿನಲ್ಲಿ ಕಾಲುದಾರಿಗಳು ಹತ್ತಾರು ಇವೆ. ಅದರಲ್ಲಿ ಎಷ್ಟೋ ಕಾಟಿಗಳು, ಅಂದರೆ ಕಾಡುಕೋಣಗಳು, ಓಡಾಡಿ ಆದದ್ದು. ಗೈಡ್ ಇಲ್ಲದಿದ್ದರೆ ನಾವು ಖಂಡಿತ ತಪ್ಪುತ್ತಿದ್ದೆವು. ನಡುವೆ ಒಮ್ಮೆ ಘಟ್ಟದ ಕೆಳಗಿಂದ ಮಂಜು ಎದ್ದು ಬಂತು. ಮುಂದೆ ಹೋಗುತ್ತಿದ್ದ ಭಾವನ ಬೆನ್ನು ಕಾಣಲಿಲ್ಲ. "ಇದ್ದಲ್ಲೇ ಕೂತ್ಕಳಿ, ಯಾರೂ ಅಲ್ಲಾಡ್ಬೇಡಿ" ಅಂತ ಗೈಡ್ ಕೂಗಿದರು. ಇಪ್ಪತ್ತು ನಿಮಿಷ ಕೂತೆವು. ಹಾಗೇ ಕೂತಾಗ ದೂರದಲ್ಲಿ ನೀರಿನ ಸದ್ದು ಮೊದಲ ಸಲ ಕೇಳಿಸಿತು.

ಹನ್ನೆರಡೂ ಇಪ್ಪತ್ತಕ್ಕೆ ತಲುಪಿದೆವು. ಒಂದು ಮಾತು ಮೊದಲೇ ತಿಳಿದಿರಬೇಕು. ಇಲ್ಲಿ ಎದುರಿಗೆ ನಿಂತು ನೋಡುವ ಜಲಪಾತ ಇಲ್ಲ. ನಾವು ನಿಲ್ಲುವುದು ಅದರ ನೆತ್ತಿಯಲ್ಲಿ. ಅಷ್ಟೇನೂ ಅಗಲ ಇಲ್ಲದ ಹೊಳೆ ಬಂಡೆಯ ಮೇಲೆ ಮೆಲ್ಲಗೆ ಬಂದು, ತುದಿಯಲ್ಲಿ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಆಮೇಲೆ ಬರೀ ಆಕಾಶ, ಅದರ ಕೆಳಗೆ ಕಾಡು. ಬೀಳುವ ನೀರು ಕಾಣುವುದಿಲ್ಲ, ಅದರ ಸದ್ದು ಮಾತ್ರ ಕಾಲಡಿಯಿಂದ ಬರುತ್ತದೆ. ತುದಿಯ ಬಂಡೆ ಒಣಗಿದ ಹಾಗೆ ಕಂಡರೂ ಪಾಚಿ ಇರುತ್ತದೆ. ನಾವು ತುದಿಯಿಂದ ಬಹಳ ಹಿಂದೆಯೇ ಉಳಿದೆವು, ಅಲ್ಲಿ ಫೋಟೋ ತೆಗೆಯಲಿಲ್ಲ. ಮೇಲಿನ ಆಳವಿಲ್ಲದ ಜಾಗದಲ್ಲಿ ಕಾಲು ಇಳಿಬಿಟ್ಟು ಚಿತ್ರಾನ್ನ ತಿಂದೆವು.

ಒಂದು ಗಂಟೆಗೆ ಎದ್ದೆವು. ಮೊದಲು ಎದ್ದದ್ದು ಭಾವ.

ಏರು ಶುರುವಾಗಿ ಹತ್ತು ನಿಮಿಷ ಆಗಿಲ್ಲ, ಅಕ್ಕನ ಬಲಗಾಲಿನ ಶೂ ಅಟ್ಟೆ ಪೂರ್ತಿ ಕಿತ್ತು ಬಂತು. ಸ್ವಲ್ಪ ಹೊತ್ತಿಗೆ ಎಡಗಾಲಿನದೂ. ಬಳಸದೆ ವರ್ಷಗಟ್ಟಲೆ ಇಟ್ಟ ಶೂಗಳ ಅಂಟು, ಫೋಮು ಒಳಗೊಳಗೇ ಪುಡಿಯಾಗಿರುತ್ತದಂತೆ, ಹೊರಗೆ ಹೊಳೆಯುತ್ತಿದ್ದರೂ. ಅಕ್ಕನ ಕಣ್ಣಲ್ಲಿ ನೀರು ಬಂತು. ಗೈಡ್ ಚೀಲದಿಂದ ಹುರಿ ತೆಗೆದು, ಅಟ್ಟೆ ಸೇರಿಸಿ ನಾಲ್ಕು ಸುತ್ತು ಬಿಗಿಯಾಗಿ ಕಟ್ಟಿದರು. "ಬೆಳಿಗ್ಗೆನೇ ಅನುಮಾನ ಇತ್ತು ಅಕ್ಕ, ಅದಕ್ಕೇ ಹುರಿ ಜಾಸ್ತಿ ತಂದೆ" ಅಂದರು. ದಾರಿಯಲ್ಲಿ ಮೂರು ಸಲ ಬಿಚ್ಚಿ ಕಟ್ಟಿದೆವು. ಕೋಟೆ ಸೇರುವಾಗ ನಾಲ್ಕಕ್ಕೆ ಹತ್ತು ನಿಮಿಷ. ಒಂದಕ್ಕೆ ಬದಲು ಎರಡಕ್ಕೆ ಹೊರಟಿದ್ದರೆ ಆ ಕಾಲಲ್ಲಿ ಅಕ್ಕ ಕತ್ತಲೆಯಲ್ಲಿ ಇಳಿಯಬೇಕಾಗುತ್ತಿತ್ತು.

ಕೆಳಗೆ ಮುಟ್ಟಿದಾಗ ಐದೂಮುಕ್ಕಾಲು. ಟಾರ್ಚ್ ಬ್ಯಾಗಿನಿಂದ ತೆಗೆಯಲೇ ಇಲ್ಲ. ಗೈಡ್ ಅಕ್ಕನ ಶೂ ಹುರಿ ಬಿಚ್ಚಿ, ಸುತ್ತಿ ಮತ್ತೆ ತಮ್ಮ ಚೀಲಕ್ಕೇ ಹಾಕಿಕೊಂಡರು.

ಮರುದಿನ ಊರಿಗೆ ಹೋಗುವ ಮೊದಲು ಜಾವಳಿಗೆ ಹೋಗಿ, ಹೇಮಾವತಿಯ ಮೂಲದಲ್ಲಿ ಇಳಿದೆವು. ಅಕ್ಕ ಬರಿಗಾಲಲ್ಲೇ ಬಂದಳು. ಅವಳ ಮಗಳು ಬಗ್ಗಿ ನೀರು ಮುಟ್ಟಿ, "ಇದು ನಮ್ಮ ಮನೆಗೆ ಬರೋದು" ಅಂದಳು.